ಸೈಕಲ್ ಹಿಂದೆ ಕಟ್ಟುವ ಗಾಡಿ: ರೊಟ್ಟಿ ಮುರಿಯಬಾರದು, ನೋಡೋಕೂ ಚೆನ್ನಾಗಿರಬೇಕು

ರೊಟ್ಟಿಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ನಿಟುವಳ್ಳಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ವಾರಕ್ಕೆ ಮೂರು ದಿನ ವಿದ್ಯಾನಗರದ ಕಡೆ ಪಿಜಿಗಳಿಗೆ, ಎರಡು ಖಾನಾವಳಿಗೆ ಕೊಟ್ಟು ಬರುತ್ತೇನೆ. ಹೋಗೋದು ಬರೋದು ಎಲ್ಲ ಸೈಕಲ್ಲಿನಲ್ಲೇ. ಹಳೇ ಲೇಡೀಸ್ ಸೈಕಲ್, ಹಿಂದೆ ಕ್ಯಾರಿಯರ್ ಇದೆ.

ಸಮಸ್ಯೆ ಏನು ಅಂದ್ರೆ ರೊಟ್ಟಿ ಭಾರ ಇಲ್ಲ, ಆದರೆ ಜಾಗ ಜಾಸ್ತಿ ಬೇಕು. 300 ರೊಟ್ಟಿ ಮತ್ತು ಪುಡಿ ಡಬ್ಬಿ ಎಲ್ಲ ಸೇರಿ 20 ಕೆಜಿ ಆಗಬಹುದು ಅಷ್ಟೇ. ಕ್ಯಾರಿಯರ್ ಮೇಲೆ 100 ಕಟ್ಟಿದರೇ ಹಿಂದಿನವರಿಗೆ ನಾನು ಕಾಣುವುದಿಲ್ಲ. ಹಂಪ್ ಬಂದಾಗ ಕೆಳಗಿನ ಎಂಟ್ಹತ್ತು ರೊಟ್ಟಿ ಚೂರಾಗುತ್ತವೆ, ಚೂರು ರೊಟ್ಟಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅದಕ್ಕೇ ಒಂದೇ ದಿನ ಮೂರು ಸಲ ಓಡಾಡುತ್ತೇನೆ. ವಾಪಸ್ ಬರುವಾಗ ಇನ್ನೊಂದು ಕೆಲಸ ಇದೆ. ಮಂಡಿಪೇಟೆಯಿಂದ 30 ಕೆಜಿ ಜೋಳದ ಚೀಲ ತರಬೇಕು, ಅದಕ್ಕೆ ಆಟೋ ಹಿಡಿಯಲೇಬೇಕು. ಆಟೋ ಬಾಡಿಗೆ ಕೊಟ್ಟರೆ ಆ ದಿನದ ಲಾಭ ಅಲ್ಲಿಗೇ ಹೋಯ್ತು.

ಸೈಕಲ್ ಹಿಂದೆ ಕಟ್ಟುವ ಎರಡು ಗಾಲಿಯ ಗಾಡಿ ಮಾಡಿಸಬೇಕು ಅಂತ ಆಸೆ. ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದೆ. ದಪ್ಪ ಆ್ಯಂಗಲ್ ಹಾಕಿ, ತಗಡು ಬಡಿದು ಕೊಡುತ್ತೇನೆ ಅಂದರು. ಅವರು ತೋರಿಸಿದ ಒಂದು ಗಾಡಿಯನ್ನು ಖಾಲಿ ಎತ್ತುವುದಕ್ಕೇ ಇಬ್ಬರು ಬೇಕಿತ್ತು. ನನಗೆ ಹಗುರಾಗಿರಬೇಕು, ಅಂದವಾಗಿಯೂ ಇರಬೇಕು. ಊಟದ ಸಾಮಾನು ಕೊಡುವ ಗಾಡಿ ಅದು, ಗೇಟಿನ ಮುಂದೆ ನಿಂತಾಗ ಜನರಿಗೆ ಶುಚಿ ಅನ್ನಿಸಬೇಕು. ಇದು ಶೋಕಿಗೆ ಹೇಳುತ್ತಿಲ್ಲ.

ಕೊಂಡಿಯನ್ನು ಸೀಟಿನ ಪೈಪಿಗೆ ಹಾಕಬೇಕಾ, ಕ್ಯಾರಿಯರ್‌ಗೆ ಹಾಕಬೇಕಾ? ಗಾಲಿ ಯಾವುದು ತರಲಿ? ಸ್ಪ್ರಿಂಗ್ ಹಾಕಿಸದಿದ್ದರೆ ರೊಟ್ಟಿ ಉಳಿಯುತ್ತವಾ? ನಮ್ಮ ಮನೆ ಗೇಟು 90 ಸೆಂಟಿಮೀಟರ್ ಅಗಲ, ಅದರೊಳಗೆ ಹೋಗಬೇಕು. ಕೈಯಲ್ಲಿ 6 ಸಾವಿರ ಇದೆ. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಕೋಟೆಸೈಕಲ್ (ಚಿತ್ರದುರ್ಗ)

ಅಕ್ಕ, ಮೊದಲೇ ಹೇಳಿಬಿಡುತ್ತೇನೆ, ಸೀಟಿನ ಪೈಪಿಗೆ ಬೇಡ. ಕ್ಯಾರಿಯರ್‌ಗಂತೂ ಬೇಡವೇ ಬೇಡ, ಅದರ ಕಾಲುಗಳು ಎಳೆತಕ್ಕೆ ಮಾಡಿದವಲ್ಲ.

ನನ್ನ ಮೊದಲ ಗಾಡಿ ಸೀಟಿನ ಕೆಳಗೆ ಸಿಕ್ಕಿಸುವ ಥರದ್ದು. ನಮ್ಮೂರು ನಿಮಗೆ ಗೊತ್ತಲ್ಲ, ಗುಡ್ಡದ ಮಗ್ಗುಲಲ್ಲಿದೆ, ಯಾವ ಕಡೆ ಹೋದರೂ ಏರು ಇಳಿವು. ಜೋಗಿಮಟ್ಟಿ ರಸ್ತೆಯಿಂದ ಎರಡು ನೀರಿನ ಕ್ಯಾನ್ ಹಾಕಿಕೊಂಡು ಇಳಿಯುತ್ತಿದ್ದೆ, ಅಂದರೆ 40 ಕೆಜಿ. ತಿರುವಿನಲ್ಲಿ ಎದುರಿಗೆ ಒಂದು ಬೈಕ್ ಬಂತು, ಬ್ರೇಕ್ ಹಿಡಿದೆ. ಸೈಕಲ್ ನಿಧಾನ ಆಯಿತು, ಗಾಡಿ ಆಗಲಿಲ್ಲ. ಅದು ನನ್ನ ಬೆನ್ನಿನ ಕೆಳಗೆ, ಅಷ್ಟು ಎತ್ತರದಲ್ಲಿ ತಳ್ಳಿತು. ಹಿಂದಿನ ಚಕ್ರ ನೆಲ ಬಿಟ್ಟ ಹಾಗಾಗಿ ಪಕ್ಕಕ್ಕೆ ಜಾರಿತು. ಮೊಣಕೈ ಚರ್ಮ ಪೂರ್ತಿ ಹೋಯಿತು, ಕ್ಯಾನ್ ಎರಡೂ ಒಡೆದವು. ಬೈಕಿನವರೇ ಎಬ್ಬಿಸಿ ನೀರು ಕುಡಿಸಿದರು.

ಎತ್ತರದಲ್ಲಿ ತಳ್ಳಿದರೆ ಸೈಕಲ್ ಮುಗ್ಗರಿಸುತ್ತದೆ, ತಗ್ಗಿನಲ್ಲಿ ತಳ್ಳಿದರೆ ಸುಮ್ನೆ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಕೊಂಡಿ ಹಿಂದಿನ ಚಕ್ರದ ಎಕ್ಸೆಲ್ ಹತ್ತಿರ ಇರಬೇಕು, ಎಡಗಡೆ. ಬಲಗಡೆ ಚೈನು, ಫ್ರೀವೀಲ್ ಇರುತ್ತದಲ್ಲ. 5 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿ, ನಿಮ್ಮ ಹೆಬ್ಬೆರಳಿನಷ್ಟು ಉದ್ದ ಸಾಕು. ಅದರಲ್ಲಿ ಎರಡು ತೂತು. ಒಂದು ಎಕ್ಸೆಲ್‌ಗೆ, ಇನ್ನೊಂದು ಗಾಡಿಯ ಪಿನ್ನಿಗೆ.

ಇಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ. ನಮ್ಮ ಸೈಕಲ್‌ಗಳಲ್ಲಿ ಆ ಎಕ್ಸೆಲ್ ನಟ್ಟಿನ ಕೆಳಗೆ ಆಗಲೇ ಜಾತ್ರೆ ಸೇರಿರುತ್ತದೆ. ಕ್ಯಾರಿಯರ್ ಕಡ್ಡಿ, ಮಡ್‌ಗಾರ್ಡ್ ಕಡ್ಡಿ, ಸ್ಟ್ಯಾಂಡು, ಆಮೇಲೆ ನಟ್ಟು. ಅದರ ಜೊತೆ 5 ಮಿಲಿಮೀಟರ್ ಪಟ್ಟಿ ತುರುಕಿದರೆ ನಟ್ಟಿಗೆ ಎರಡೇ ಎರಡು ಮರೆ (ಥ್ರೆಡ್) ಸಿಗುತ್ತದೆ. ಹಾಗೆ ಓಡಿಸಬೇಡಿ. ನಟ್ಟು ಪೂರ್ತಿ ಕೂತು ಎಕ್ಸೆಲ್ ತುದಿ ಸ್ವಲ್ಪ ಹೊರಗೆ ಕಾಣಬೇಕು. ಕಾಣದಿದ್ದರೆ ಸೈಕಲ್ ಶಾಪ್‌ನಲ್ಲಿ ಉದ್ದದ ಎಕ್ಸೆಲ್ ಹಾಕಿಸಿ, ದೊಡ್ಡ ಖರ್ಚಲ್ಲ.

ಕೊಂಡಿ ಮೂರು ಕಡೆಗೂ ಆಡಬೇಕು. ತಿರುಗುವಾಗ ಎಡಬಲ, ಹಂಪ್ ಏರುವಾಗ ಮೇಲೆ ಕೆಳಗೆ, ಸೈಕಲ್ ವಾಲಿದಾಗ ತಿರುಚು. ನಾನು ನೂಲು ಹೆಣೆದ ದಪ್ಪ ರಬ್ಬರ್ ಪೈಪು ಹಾಕಿದ್ದೇನೆ, ಗಾಳಿ ಒತ್ತಡಕ್ಕೆ ಬಳಸುವಂಥದ್ದು. ಮೂಕಿ, ಅಂದರೆ ಗಾಡಿಯಿಂದ ಸೈಕಲ್ ಕಡೆಗೆ ಬರುವ ಉದ್ದ ಪೈಪು, ಅದರ ತುದಿಗೆ ಅದನ್ನು ಬಿಗಿಯಾಗಿ ಏರಿಸಿ ಅಡ್ಡ ಬೋಲ್ಟು. ಇನ್ನೊಂದು ತುದಿಯಲ್ಲಿ ಗಟ್ಟಿ ಸರಳು, ಅದಕ್ಕೂ ಬೋಲ್ಟು. ನಡುವೆ ನಾಲ್ಕೈದು ಸೆಂಟಿಮೀಟರ್ ಬರೀ ರಬ್ಬರ್. ಸೈಕಲ್ ಪೂರ್ತಿ ನೆಲಕ್ಕೆ ಬಿದ್ದರೂ ಗಾಡಿ ನಿಂತೇ ಇರುತ್ತದೆ. ರಬ್ಬರ್ ಹರಿದರೆ ಅಂತ ಪಕ್ಕದಲ್ಲೇ ನೈಲಾನ್ ಬೆಲ್ಟ್ ಒಂದನ್ನು ಸೈಕಲ್ ಫ್ರೇಮಿಗೆ ಸುತ್ತಿ ಕಟ್ಟಿ. ಈ ಬೆಲ್ಟ್ ಇಲ್ಲದೆ ಒಂದು ದಿನವೂ ರೋಡಿಗೆ ಇಳಿಯಬೇಡಿ.

ಲೇತ್ ಕೆಲಸ (ಹರಿಹರ)

ಮೇಲಿನವರು ಹೇಳಿದ ರಬ್ಬರ್ ಕೊಂಡಿ ಸರಿ ಇದೆ. ಬೇರಿಂಗ್ ಅಂಗಡಿಯಲ್ಲಿ ರಾಡ್ ಎಂಡ್ ಅಂತ, ಒಳಗೆ ಗುಂಡು ಆಡುವ ಲೋಹದ ಕೀಲು ಸಿಗುತ್ತದೆ, ಅದನ್ನು ಹಾಕಿ ಅಂತ ಯಾರಾದರೂ ಹೇಳಬಹುದು. ನೋಡೋಕೆ ಬಹಳ ನೀಟಾಗಿರುತ್ತದೆ. ಆದರೆ ಅದು ಪಕ್ಕಕ್ಕೆ ವಾಲುವುದು ಸ್ವಲ್ಪವೇ. ಸೈಕಲ್ ಬಿದ್ದ ದಿನ ಅದರ ಕುತ್ತಿಗೆ ಬಾಗುತ್ತದೆ. ಹಾಕಲೇಬೇಕು ಅಂದರೆ ಅದರ ಕಾಲು ಮೂಕಿ ಪೈಪಿನೊಳಗೆ ತಾನೇ ತಿರುಗುವ ಹಾಗೆ ಬುಷ್ ಮಾಡಿಸಬೇಕು.

ಗಾಲಿ ವಿಷಯ. ಮಕ್ಕಳ ಸೈಕಲ್ಲಿನ 20 ಇಂಚಿನ ಮುಂದಿನ ಗಾಲಿ ಎರಡು ತನ್ನಿ. ಹಿಂದಿನದು ಬೇಡ, ಅಗಲ ಜಾಸ್ತಿ, ಫ್ರೀವೀಲ್ ತೆಗೆಯುವ ರಗಳೆ ಬೇರೆ. ಗುಜರಿಯಲ್ಲಿ ಸಿಕ್ಕರೂ ಆದೀತು. ಕಡ್ಡಿ ಒಂದೊಂದೇ ಬೆರಳಲ್ಲಿ ಮೀಟಿ ನೋಡಿ, ಎಲ್ಲ ಒಂದೇ ಥರ ಸದ್ದು ಕೊಡಬೇಕು. ಕೋನು ಬಾಲ್ಸು ಹೊಸದು ಹಾಕಿಸಿ, ಗ್ರೀಸ್ ತುಂಬಿಸಿ. 26 ಇಂಚಿನ ದೊಡ್ಡ ಗಾಲಿ ಆಸೆಗೆ ಹಾಕಬೇಡಿ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ಗಾಡಿ ವಾಲುವುದಿಲ್ಲ, ಆದ್ದರಿಂದ ಗಾಡಿಯ ಗಾಲಿಗೆ ಪಕ್ಕದ ಒತ್ತಡ ಬೀಳುತ್ತದೆ. ಚಿಕ್ಕ ಗಾಲಿ ಅದನ್ನು ಚೆನ್ನಾಗಿ ತಡೆಯುತ್ತದೆ.

ಇನ್ನು ನಾನು ವಾರಕ್ಕೊಮ್ಮೆಯಾದರೂ ನೋಡುವ ತಪ್ಪು. ಸೈಕಲ್ ಗಾಲಿಯ ಎಕ್ಸೆಲ್ ಎರಡೂ ತುದಿಯಲ್ಲಿ ಹಿಡಿದುಕೊಳ್ಳಲಿ ಅಂತಲೇ ಮಾಡಿದ್ದು. ಕೆಲವರು ಒಂದೇ ಬದಿ ವೆಲ್ಡ್ ಮಾಡಿ ಇನ್ನೊಂದು ಬದಿ ಗಾಳಿಯಲ್ಲಿ ಬಿಡುತ್ತಾರೆ. ಮೂರು ವಾರಕ್ಕೆ ಎಕ್ಸೆಲ್ ಬಾಗಿ ಎರಡೂ ಗಾಲಿ ಮೇಲೆ ಒಳಕ್ಕೆ ವಾಲಿ ಟೈರು ಒಂದೇ ಬದಿ ಸವೆಯುತ್ತದೆ. ಆದ್ದರಿಂದ ಗಾಲಿಯ ಹೊರಗಡೆಯೂ ಒಂದು ಪೈಪು ಬರಬೇಕು. ಪೆಟ್ಟಿಗೆ ಹೊರ ಅಳತೆ 55 ಸೆಂಟಿಮೀಟರ್, ಎರಡೂ ಬದಿ ಗಾಲಿ ಮತ್ತು ಹೊರಗಿನ ಪೈಪು ಸೇರಿ ಹನ್ನೆರಡೂವರೆ ಹನ್ನೆರಡೂವರೆ, ಒಟ್ಟು 80. ನಿಮ್ಮ ಗೇಟಿನಲ್ಲಿ ಸಲೀಸಾಗಿ ಹೋಗುತ್ತದೆ. ಉದ್ದ 90 ಇಡಿ.

ಪೈಪು ಒಂದು ಇಂಚಿನ ಚೌಕದ್ದು. ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ಪೈಪು ತೆಳು. 16 ಗೇಜ್ ಆದರೆ 20 ಅಡಿ ಉದ್ದಕ್ಕೆ 7 ಕೆಜಿ, 18 ಗೇಜ್ ಆದರೆ ಐದೂವರೆ. ಮೂಕಿಗೆ 16, ಉಳಿದದ್ದಕ್ಕೆ 18 ಸಾಕು. 20 ಅಡಿಯ ಪೈಪು ಒಂದೂವರೆ ಬೇಕಾಗುತ್ತದೆ. ಗಾಲಿ ಸೇರಿ 12-13 ಕೆಜಿಗೆ ಗಾಡಿ ಮುಗಿಯುತ್ತದೆ, ನೀವು ಒಬ್ಬರೇ ಎತ್ತಬಹುದು. ತೆಳು ಪೈಪಿಗೆ ದಪ್ಪ ರಾಡ್ ಹಿಡಿದು ವೆಲ್ಡ್ ಮಾಡಿದರೆ ತೂತು ಬೀಳುತ್ತದೆ, ಸಣ್ಣ ರಾಡ್, ಕಡಿಮೆ ಕರೆಂಟ್ ಅಂತ ಹೇಳಿ. ಸತು ಲೇಪಿಸಿದ ಜಿಐ ಪೈಪು ತರಬೇಡಿ. ಸತುವಿನ ಹೊಗೆ ವೆಲ್ಡಿಂಗ್ ಮಾಡುವವನಿಗೆ ಜ್ವರ ತರಿಸುತ್ತದೆ.

ಗಾಳಿಗಿರಣಿ

ಒಂದೇ ಗಾಲಿಯ ಟ್ರೇಲರ್ ಯಾಕೆ ಮಾಡಬಾರದು? ವಿದೇಶದಲ್ಲಿ ಬಾಬ್ ಯಾಕ್ ಅಂತ ಇದೆ, 16 ಇಂಚಿನ ಒಂಟಿ ಗಾಲಿ, ದೂರ ಪ್ರವಾಸ ಹೋಗುವವರು ಬಳಸುತ್ತಾರೆ. ಸಣ್ಣ ಗಲ್ಲಿಯಲ್ಲೂ ನುಗ್ಗುತ್ತದೆ, ನೋಡೋಕೆ ತುಂಬಾ ಸ್ಟೈಲ್.

ಕೋಟೆಸೈಕಲ್ (ಚಿತ್ರದುರ್ಗ)

ಅದು ಚೆಂದ ಇದೆ, ಒಪ್ಪುತ್ತೇನೆ. ಆದರೆ ಅದು ಸುಮಾರು 32 ಕೆಜಿಗೆ ಮಾಡಿದ್ದು, ಮತ್ತು ಒಂಟಿ ಗಾಲಿ ತಾನಾಗಿ ನಿಲ್ಲುವುದಿಲ್ಲ, ಅದರ ಭಾರವನ್ನೂ ಸೈಕಲ್ಲೇ ಹಿಡಿದು ನಿಲ್ಲಿಸಬೇಕು. ಅಕ್ಕ ಪ್ರತಿ ಗೇಟಿನ ಮುಂದೆ ನಿಲ್ಲಿಸಿ ರೊಟ್ಟಿ ತೆಗೆಯಬೇಕು. ಅವರಿಗೆ ಎರಡು ಗಾಲಿಯೇ ಸರಿ.

ರೊಟ್ಟಿಮನೆ (ದಾವಣಗೆರೆ)

ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಕ್ಸೆಲ್ ನಟ್ಟು ನೋಡಿದೆ. ಅಣ್ಣ ಹೇಳಿದ ಹಾಗೇ ಇದೆ, ನಟ್ಟಿನ ಮುಖಕ್ಕಿಂತ ಎಕ್ಸೆಲ್ ಒಳಗಿದೆ. ನಾಳೆಯೇ ಉದ್ದದ್ದು ಹಾಕಿಸುತ್ತೇನೆ.

ಇನ್ನೂ ಎರಡು ಕೇಳಬೇಕು. ಹೋಗುವಾಗ ಪೆಟ್ಟಿಗೆ ತುಂಬಾ ಹಗುರ ರೊಟ್ಟಿ, ಬರುವಾಗ ಒಂದೇ ಕಡೆ ಕೂರುವ 30 ಕೆಜಿ ಚೀಲ. ಗಾಲಿ ನಡುವೆ ಬರಬೇಕಾ, ಹಿಂದೆ ಬರಬೇಕಾ? ಮತ್ತೆ ತಳಕ್ಕೆ ಏನು ಹಾಕಲಿ? ಪ್ಲೈವುಡ್ ಹಾಕಿದರೆ ಭಾರ, ತಗಡು ಹಾಕಿದರೆ ಸದ್ದು. ಸ್ಪ್ರಿಂಗ್ ಬಗ್ಗೆ ಯಾರೂ ಹೇಳಲಿಲ್ಲ.

ಹಳೇಗಾಲಿ (ಭರಮಸಾಗರ)

ತಂಗಿ, ನಾನು ಸೈಕಲ್ ಗಾಡಿ ಮಾಡಿದವನಲ್ಲ. ಮೂವತ್ತು ವರ್ಷ ಎತ್ತಿನ ಗಾಡಿ ಹೊಡೆದಿದ್ದೇನೆ. ಇಲ್ಲಿ ಓದುತ್ತಾ ಹೋದಾಗ ಇದೂ ಅದೇ ಲೆಕ್ಕ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿಗೆ ಹೇರು ಹೇರುವಾಗ ನಾವು ಮೊದಲು ನೋಡುತ್ತಿದ್ದದ್ದು ಮುಂಭಾರವೋ ಹಿಂಭಾರವೋ ಅಂತ. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಜಾಸ್ತಿ ಮುಂಭಾರ ಆದರೆ ಹೆಗಲು ಹುಣ್ಣಾಗುತ್ತದೆ. ಸ್ವಲ್ಪ ಮುಂಭಾರ ಇರಬೇಕು, ಎತ್ತಿಗೆ ನೊಗ ಇದೆ ಅಂತ ತಿಳಿಯುವಷ್ಟು. ಏರು ಬಂದರೆ ಹೊಡೆಯುವವನು ಮುಂದೆ ಸರಿದು ಮೂಕಿ ಮೇಲೆ ಕೂರುತ್ತಿದ್ದ, ಇಳಿವು ಬಂದರೆ ಹಿಂದೆ ಸರಿಯುತ್ತಿದ್ದ. ನೀನು ಸೈಕಲ್ ಮೇಲೆ ಕೂತಿರುತ್ತೀಯ, ಸರಿಯಲು ಆಗಲ್ಲ. ಆದ್ದರಿಂದ ಮೊದಲೇ ಸರಿಯಾಗಿ ಹೇರಬೇಕು.

ಹಿಂಭಾರ ಆದ ಸೈಕಲ್ ಗಾಡಿ ನಿನ್ನ ಹಿಂದಿನ ಚಕ್ರವನ್ನು ಎತ್ತುತ್ತದೆ, ಜೋರಾಗಿ ಹೋದರೆ ಬಾಲ ಆಡಿಸುತ್ತದೆ. ಹತ್ತರಲ್ಲಿ ಒಂದು ಪಾಲು ಭಾರ ಕೊಂಡಿಯ ಮೇಲೆ ಬರಲಿ. 30 ಕೆಜಿ ಚೀಲಕ್ಕೆ 3 ಕೆಜಿ. ಅದನ್ನು ಅಳೆಯುವುದು ಸುಲಭ, ಸಾಮಾನು ಹೇರಿ ಕೊಂಡಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎತ್ತು, ಮುಳ್ಳು ಹೇಳುತ್ತದೆ. ಪೆಟ್ಟಿಗೆ 90 ಸೆಂಟಿಮೀಟರ್ ಅಂದರಲ್ಲ, ಅಚ್ಚು, ಅಂದರೆ ಗಾಲಿಯ ಎಕ್ಸೆಲ್, ಮುಂದಿನಿಂದ 55ಕ್ಕೆ ಬರಲಿ. ಆಗ ರೊಟ್ಟಿ ಪೆಟ್ಟಿಗೆ ತುಂಬಾ ಇದ್ದರೆ ತಾನಾಗಿಯೇ ಮುಂಭಾರ ಆಗುತ್ತದೆ. ಜೋಳದ ಚೀಲವನ್ನು ಮಾತ್ರ ಅಡ್ಡ ಮಲಗಿಸಿ, ಅದರ ನಡು ಅಚ್ಚಿಗಿಂತ ಆರು ಬೆರಳು ಮುಂದೆ ಬರುವ ಹಾಗೆ ಇಡು. ಆ ಜಾಗಕ್ಕೆ ಒಂದು ಬಣ್ಣದ ಗೆರೆ ಎಳೆದಿಟ್ಟುಕೋ, ದಿನಾ ಲೆಕ್ಕ ಹಾಕಬೇಕಿಲ್ಲ. ಚೀಲ ಜರುಗದ ಹಾಗೆ ಕಟ್ಟು.

ತಳಕ್ಕೆ ಹಲಗೆ ಯಾಕೆ? ನವಾರ ಹೆಣೆಸು. ನವಾರದ ಮಂಚದ ಮೇಲೆ ಮಲಗಿದ ಕೂಸು ಏಳುವುದಿಲ್ಲ, ರೊಟ್ಟಿ ಯಾಕೆ ಮುರಿಯುತ್ತದೆ? ಪೈಪಿನ ಚೌಕಟ್ಟಿಗೆ ಸುತ್ತಿ ಉದ್ದುದ್ದ ಒಂದು ಸಲ, ಅಡ್ಡಡ್ಡ ಒಂದು ಮೇಲೆ ಒಂದು ಕೆಳಗೆ. ಹಗುರ, ಸದ್ದಿಲ್ಲ, ತೊಳೆಯಬಹುದು. ಎರಡು ಬಣ್ಣದ ನವಾರ ತಂದರೆ ಚೌಕಳಿ ಬರುತ್ತದೆ, ಅದಕ್ಕಿಂತ ಅಂದ ಇನ್ನೇನು ಬೇಕು. ನೈಲಾನಿನದು ತಾ, ಮಳೆಗೆ ಹತ್ತಿ ನವಾರ ಕೊಳೆಯುತ್ತದೆ.

ಇನ್ನೊಂದು ಮಾತು. ಗಾಲಿ ಕಳಚದಿರಲಿ ಅಂತ ನಮ್ಮ ಗಾಡಿಗೆ ಕಡಾಣಿ ಇರುತ್ತಿತ್ತು. ಬೆಳಿಗ್ಗೆ ಎತ್ತು ಹೂಡುವ ಮೊದಲು ಅದನ್ನು ಕೈಯಲ್ಲಿ ಮುಟ್ಟಿ ನೋಡುತ್ತಿದ್ದೆವು. ನಿನ್ನ ಕೊಂಡಿಯ ಪಿನ್ನಿಗೂ ಆ ಥರ ಒಂದು ಕ್ಲಿಪ್ ಇರಲಿ. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಿ ನೋಡಬೇಕು.

ಲೇತ್ ಕೆಲಸ (ಹರಿಹರ)

ಯಜಮಾನರು ಹೇಳಿದ ನವಾರ ಬಹಳ ಚೆನ್ನಾಗಿದೆ, ನನಗೆ ಹೊಳೆದಿರಲಿಲ್ಲ. ಹೆಣೆಯುವ ಮೊದಲು ಪೈಪಿನ ಮೂಲೆಗಳನ್ನು ಅರದಿಂದ ನುಣ್ಣಗೆ ಉಜ್ಜಿಸಿ, ಇಲ್ಲದಿದ್ದರೆ ಅಂಚು ನವಾರವನ್ನು ಕುಯ್ಯುತ್ತದೆ. ನಡುವೆ ಜೋತು ಬಿದ್ದು ಚೀಲ ಏನಕ್ಕೂ ತಾಗದ ಹಾಗೆ ಚೌಕಟ್ಟಿನ ಅಡ್ಡ ಪಟ್ಟಿಯನ್ನು ನವಾರಕ್ಕಿಂತ ಎರಡು ಇಂಚು ಕೆಳಗೆ ವೆಲ್ಡ್ ಮಾಡಿಸಿ.

ಸ್ಪ್ರಿಂಗ್ ಬೇಡ ಮೇಡಂ. ಭಾರ ಜಾಸ್ತಿ, ಕೀಲು ಜಾಸ್ತಿ, ಖರ್ಚೂ ಜಾಸ್ತಿ. ದಪ್ಪ ಟೈರು ಹಾಕಿ ಗಾಳಿ ಸ್ವಲ್ಪ ಕಡಿಮೆ ಇಡಿ. ಟೈರಿನ ಪಕ್ಕದಲ್ಲಿ ಬರೆದಿರುವುದು ಹೆಚ್ಚೆಂದರೆ ಎಷ್ಟು ತುಂಬಬಹುದು ಅನ್ನುವ ಲೆಕ್ಕ, ರೊಟ್ಟಿಗೆ ಅಷ್ಟು ಬೇಡ. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಜೋಳ ತರುವ ದಿನ ಮಾತ್ರ ಗಟ್ಟಿಯಾಗಿ ಹೊಡೆಸಿ, ಇಲ್ಲದಿದ್ದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಕಚ್ಚುತ್ತದೆ.

ಅಂದದ ಬಗ್ಗೆ ಕೇಳಿದ್ದಿರಿ. ನನ್ನ ಅನುಭವದಲ್ಲಿ ಅಂದ ಬರುವುದು ಗಾಡಿ ನಿಲ್ಲುವ ರೀತಿಯಿಂದ, ಬಣ್ಣ ಆಮೇಲೆ. ಸೈಕಲ್‌ಗೆ ಸಿಕ್ಕಿಸಿದಾಗ ಪೆಟ್ಟಿಗೆ ನೆಲಕ್ಕೆ ಸಮ ಇರಬೇಕು. ಮೂಗು ಮೇಲೆದ್ದರೆ ಎಷ್ಟು ಬಣ್ಣ ಬಳಿದರೂ ಗುಜರಿ ಥರ ಕಾಣುತ್ತದೆ. ಆದ್ದರಿಂದ ವೆಲ್ಡಿಂಗ್‌ಗೆ ಸೈಕಲ್ಲನ್ನೂ ತೆಗೆದುಕೊಂಡು ಹೋಗಿ, ನೀವು ಸೀಟಿನ ಮೇಲೆ ಕೂತಿರುವಾಗಲೇ ಎಕ್ಸೆಲ್ ಎತ್ತರ ಅಳೆಸಿ. ಮೂಕಿ ಎಡಗಡೆಯಿಂದ ಹೊರಟು ಚಕ್ರ ದಾಟಿ ನಡುವಿಗೆ ಬರಬೇಕಲ್ಲ, ಅದನ್ನು ಎರಡು ತುಂಡು ಜೋಡಿಸಿ ಮಾಡಬೇಡಿ, ಮೂಕಿಗೆ ಮಾತ್ರ ಚೌಕದ್ದರ ಬದಲು ದುಂಡು ಪೈಪು ತಂದು ಬೆಂಡ್ ಮಾಡಿಸಿ. ಆ ಒಂದು ಬಾಗು ಇಡೀ ಗಾಡಿಗೆ ಕಳೆ ಕೊಡುತ್ತದೆ. ವೆಲ್ಡ್ ಗಂಟು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು ಪೂರ್ತಿ ಒಣಗಿದ ಮೇಲೆ ಎನಾಮಲ್ ಎರಡು ಕೋಟ್. ಪೈಪಿನ ಬಾಯಿಗಳಿಗೆ ಕ್ಯಾಪ್ ಹಾಕಿಸಲು ಮರೆಯಬೇಡಿ, ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ರೊಟ್ಟಿಮನೆ (ದಾವಣಗೆರೆ)

ಐದು ವಾರ ಆಯಿತು, ಗಾಡಿ ಆಯಿತು! ಬರೆಯುವುದು ತಡವಾಯಿತು, ಕ್ಷಮಿಸಿ.

ಗಾಲಿ ಎರಡೂ ಗುಜರಿಯಲ್ಲಿ ಸಿಕ್ಕವು, ರಿಮ್ ಒಂದೇ ಥರದ್ದು. ವೆಲ್ಡಿಂಗ್ ಮಾಡಿದವರು ಹೊರಗಿನ ಪೈಪು ಸುಮ್ನೆ ದಂಡ ಅಂದರು, ನಾನು ಇಲ್ಲಿ ಬರೆದಿದ್ದನ್ನು ಮೊಬೈಲ್‌ನಲ್ಲಿ ತೋರಿಸಿದೆ, ಓದಿ ಒಪ್ಪಿದರು. ಆಮೇಲೆ ಮೂಕಿ ಬಾಗಿಸುವಾಗ ಅವರೇ ಮೂರು ಸಲ ಸೈಕಲ್‌ಗೆ ಇಟ್ಟು ನೋಡಿ ಮಾಡಿದರು. ಚೌಕಟ್ಟಿಗೆ ಕಡುಹಸಿರು. ನವಾರ ಹಳದಿ ಮತ್ತು ಬಿಳಿ. ಅಮ್ಮನೂ ನಾನೂ ಅಂಗಳದಲ್ಲಿ ಕೂತು ಒಂದು ಮಧ್ಯಾಹ್ನ ಪೂರ್ತಿ ಹೆಣೆದೆವು. ಅಮ್ಮ ಒಂದು ಕಾಲನ್ನು ಚೌಕಟ್ಟಿಗೆ ಒತ್ತಿ ಹಿಡಿದು ಎರಡೂ ಕೈಯಲ್ಲಿ ಪಟ್ಟಿ ಎಳೆಯುತ್ತಿದ್ದರು, ಪ್ರತಿ ಸಲ ಎಳೆದಾಗ ಠಣ್ ಅಂತ ಪೈಪು ಸದ್ದು ಮಾಡುತ್ತಿತ್ತು. ಪಕ್ಕದ ಗೋಡೆಗಳಿಗೆ ತಗಡಿನ ಬದಲು ಮೇದಾರರ ಹತ್ತಿರ ಬಿದಿರಿನ ತಟ್ಟಿ ಹೆಣೆಸಿದೆ. ಒಳಗೆ ತೊಳೆದ ಬಿಳಿ ಬಟ್ಟೆ ಹಾಸುತ್ತೇನೆ. ಹಿಂದೆ ಕೆಂಪು ರಿಫ್ಲೆಕ್ಟರ್ ಎರಡು, ಗಾಡಿ ಹ್ಯಾಂಡಲ್‌ಗಿಂತ ಅಗಲ ಇರುವುದರಿಂದ ಬಲಗಡೆ ಒಂದು ಉದ್ದ ಕಡ್ಡಿಗೆ ಕೇಸರಿ ಬಾವುಟ. ಲಾರಿಗೆ ಬರೆಯುವ ಪೇಂಟರ್ ಒಬ್ಬರು ಹಿಂದಿನ ಹಲಗೆಗೆ "ಬಿಸಿಲಲ್ಲಿ ಒಣಗಿದ್ದಲ್ಲ, ಬೆಂಕಿಯಲ್ಲಿ ಬೆಂದದ್ದು" ಅಂತ ಬರೆದುಕೊಟ್ಟರು, ಸಾಲು ನನ್ನದೇ.

ಒಟ್ಟು 5,800 ಆಯಿತು, ಎಕ್ಸೆಲ್ ಸೇರಿ. ಖಾಲಿ ಗಾಡಿ 13 ಕೆಜಿ ತೂಗಿತು.

ಮೊದಲ ದಿನ 300 ರೊಟ್ಟಿ ಹಾಕಿಕೊಂಡು ಹೊರಟೆ. ಹದಡಿ ರಸ್ತೆ ದಾಟುವಾಗ ಕೈ ನಡುಗುತ್ತಿತ್ತು. ಗಾಡಿ ಇದೆ ಅಂತಲೇ ಗೊತ್ತಾಗುವುದಿಲ್ಲ, ಬ್ರೇಕ್ ಹಿಡಿದಾಗ ಮಾತ್ರ ಯಾರೋ ಮೆಲ್ಲಗೆ ತಳ್ಳಿದ ಹಾಗೆ. ಒಂದು ವಿಷಯ ಯಾರೂ ಹೇಳಿರಲಿಲ್ಲ, ಮುಂದೆ ಮಾಡುವವರಿಗೆ ಹೇಳುತ್ತೇನೆ. ತಿರುವಿನಲ್ಲಿ ಗಾಡಿ ಸೈಕಲ್ ಹೋದ ದಾರಿಯಲ್ಲಿ ಬರುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಮೊದಲ ತಿರುವಿನಲ್ಲೇ ಎಡ ಗಾಲಿ ಚರಂಡಿ ಕಲ್ಲಿಗೆ ಏರಿತು. ಈಗ ಸ್ವಲ್ಪ ಅಗಲ ತಿರುಗಿಸುತ್ತೇನೆ.

ಎಲ್ಲ ಕೊಟ್ಟು ಮುಗಿಸಿ ಎಣಿಸಿದೆ. ಮುರಿದದ್ದು ನಾಲ್ಕು. ನಾಲ್ಕೂ ಹಿಂದಿನ ಎಡ ಮೂಲೆಯದ್ದೇ. ಅಲ್ಲಿ ಒಂದು ಕಟ್ಟು ಕಡಿಮೆ ಇತ್ತು, ಖಾಲಿ ಜಾಗದಲ್ಲಿ ರೊಟ್ಟಿ ಕುಣಿದಿವೆ. ಮರುದಿನ ಆ ಮೂಲೆಗೆ ಮಡಚಿದ ಕಂಬಳಿ ತುರುಕಿದೆ, ಒಂದೂ ಮುರಿಯಲಿಲ್ಲ.

ವಾಪಸ್ ಬರುವಾಗ ಮಂಡಿಪೇಟೆಯಲ್ಲಿ ಚೀಲವನ್ನು ಗೆರೆ ನೋಡಿಯೇ ಇಟ್ಟೆ. ಹಮಾಲರೊಬ್ಬರು ಕೊಂಡಿ ಎತ್ತಿ ನೋಡಿ, ಇದು ಗಾಡಿ ಹೊಡೆದವರು ಹೇಳಿಕೊಟ್ಟದ್ದಾ ಅಂತ ಕೇಳಿದರು. ಹೌದು ಅಂದೆ. ಯಜಮಾನರೇ, ನಿಮಗೆ ನನ್ನ ನಮಸ್ಕಾರ.

ಒಂದೇ ತೊಂದರೆ ಉಳಿದಿದೆ. ಎರಡು ವಾರದ ಜೋಳ ತಂದ ಮೇಲೆ ನವಾರ ನಡುವೆ ಸ್ವಲ್ಪ ಜೋತಿದೆ, ಚೀಲ ಅಡ್ಡ ಪಟ್ಟಿಗೆ ತಾಗುತ್ತದೆ. ಬಿಚ್ಚಿ ಮತ್ತೆ ಹೆಣೆಯಬೇಕಾ?

ಹಳೇಗಾಲಿ (ಭರಮಸಾಗರ)

ಬಿಚ್ಚಬೇಡ ತಂಗಿ. ಹೊಸ ನವಾರ ಮೊದಮೊದಲು ಜೋಲುತ್ತದೆ, ಮಂಚದಲ್ಲೂ ಹಾಗೇ. ಕೊನೆಯ ಗಂಟು ಬಿಚ್ಚಿ ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ಪಟ್ಟಿ ಬಿಗಿ ಮಾಡುತ್ತಾ ಬಾ, ಉಳಿದ ಸಡಿಲವೆಲ್ಲ ಇನ್ನೊಂದು ತುದಿಗೆ ಬರುತ್ತದೆ, ಅಲ್ಲಿ ಗಂಟು ಹಾಕು. ಇಬ್ಬರು ಇದ್ದರೆ ಅರ್ಧ ಗಂಟೆ ಕೆಲಸ. ಅಮ್ಮನನ್ನೇ ಕರೆ, ಅವರ ಕೈಗೆ ಹದ ಗೊತ್ತಿದೆ.